ಬಂಡಾಯದ ಮುಂದಾಳನ್ನು ಆ್ಯಂಟಿಹೀರೊ ಆಗಿ ಬರೆಯುವ ಬಗೆ

ಬಂಡಾಯದ ನಾಯಕನನ್ನು ಆ್ಯಂಟಿಹೀರೊ (ಆದರ್ಶನಲ್ಲದ, ದೋಷಗಳುಳ್ಳ ಕಥಾನಾಯಕ) ಆಗಿ ಚಿತ್ರಿಸಹೊರಟ ಇಂದಿನ ಕಾದಂಬರಿಕಾರರಲ್ಲಿ ಹಲವರು ಅವನಿಗೆ ಸಿಟ್ಟು, ಕುಡಿತ ಮತ್ತು ಕಹಿ ಬಾಲ್ಯವನ್ನು ಅಂಟಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಇಷ್ಟರಿಂದ ಪಾತ್ರ ನಿಲ್ಲುವುದಿಲ್ಲ. ಜನರನ್ನು ಅವನ ಬೆನ್ನಿಗೆ ತರುವ ಗುಣವೇ ಅವರಿಗೆ ಕೇಡನ್ನೂ ತರುವಂತಿರಬೇಕು. ಮೊದಲು ಹುಡುಕಬೇಕಾದದ್ದು ಆ ಗುಣವನ್ನು.

ಬಾಗಲಕೋಟೆ ಜಿಲ್ಲೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲಮನೆ ಕಳೆದುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದ ಒಂದು ಊರನ್ನು ಕಲ್ಪಿಸಿಕೊಳ್ಳಿ. ಪರಿಹಾರಕ್ಕಾಗಿ ಕಚೇರಿಗಳಿಗೆ ಅಲೆಯುವ ಸಂತ್ರಸ್ತರಲ್ಲಿ ಉತಾರ (ಜಮೀನಿನ ದಾಖಲೆ), ವಾರಸಾ (ಉತ್ತರಾಧಿಕಾರದ ದಾಖಲೆ), ನೋಟಿಸು, ಕೋರ್ಟಿನ ತಾರೀಖು ಎಲ್ಲವನ್ನೂ ಬಲ್ಲವನು ಒಬ್ಬನೇ. ಅವನೇ ಹೋರಾಟ ಕಟ್ಟುತ್ತಾನೆ, ರಸ್ತೆ ತಡೆಯುತ್ತಾನೆ, ಲಾಠಿ ಏಟನ್ನೂ ತಿನ್ನುತ್ತಾನೆ. ಮಂಜೂರಾದ ಪ್ರತಿ ಚೆಕ್ಕಿನಲ್ಲಿ ತನ್ನ ಪಾಲನ್ನೂ ಮುರಿದುಕೊಳ್ಳುತ್ತಾನೆ. ಕಾಗದಪತ್ರದ ಆ ತಿಳಿವಳಿಕೆ ಊರಿಗೆ ಆಸರೆ, ಅವನಿಗೆ ದಂಧೆ. "ನಾ ಇಲ್ಲದಿದ್ರ ಈ ರೊಕ್ಕ ನಿನ್ನ ಕೈ ಸೇರ್ತಿತ್ತೇನಬೇ ಯವ್ವಾ?" ಎಂದು ಅವನು ಒಬ್ಬ ಮುದುಕಿಯನ್ನು ಕೇಳಿದಾಗ, ಅವಳಿಗಾಗಲಿ ಓದುಗರಿಗಾಗಲಿ ತಟ್ಟನೆ ಉತ್ತರ ಹೊಳೆಯದಂತೆ ಆ ಸನ್ನಿವೇಶವನ್ನು ಕಟ್ಟಬೇಕು. ಲೇಖಕರು ಅಲ್ಲಿ ತೀರ್ಪು ಕೊಡಲು ನಡುವೆ ಬಂದರೆ ಕಥೆ ಕೆಟ್ಟಿತು.

ನಿರೂಪಣೆಯನ್ನು ಅವನ ಬಾಯಿಗೆ ಕೊಡದಿರುವುದು ಲೇಸು, ಏಕೆಂದರೆ ತನ್ನನ್ನು ಸಮರ್ಥಿಸಿಕೊಳ್ಳುವುದೇ ಅವನ ಕಸುಬು. ಅವನಿಗಾಗಿ ಮನವಿಪತ್ರಗಳನ್ನು ಬರೆಯುವ, ಪಾಲಿನ ಲೆಕ್ಕವೂ ಗೊತ್ತಿರುವ, ಆದರೆ ಅವನಿಂದಲೇ ನಿವೇಶನದ ಹಕ್ಕುಪತ್ರ ಪಡೆದಿರುವ ಒಬ್ಬ ಹುಡುಗ ಕಥೆ ಹೇಳಲಿ. ಆ ಹುಡುಗನ ಮೌನಕ್ಕೂ ಒಂದು ಬೆಲೆಯಿರುತ್ತದೆ. ಭಾಷೆಯ ವಿಷಯದಲ್ಲಿ ಹೇಳುವುದು ಕಡಿಮೆ: ವೇದಿಕೆಯಲ್ಲಿ ಪುಸ್ತಕದ ಕನ್ನಡ, ಕಟ್ಟೆಯ ಮೇಲೆ ಊರಿನ ಮಾತು.

ಈ ಸೀಮೆಯ ನೆನಪುಗಳನ್ನು ಮಾತ್ರ ಎಚ್ಚರದಿಂದ ಬಳಸಬೇಕು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನೂ, 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಹೋರಾಡಿದ ಹಲಗಲಿಯ ಬೇಡರನ್ನೂ ಲಾವಣಿಗಳು ಸಂಶಯವಿಲ್ಲದೆ ಹಾಡಿ ಹೊಗಳಿವೆ. ಆಳುವವರ ಕಣ್ಣಿಗೆ ದರೋಡೆಕೋರನಾಗಿದ್ದ ಸಿಂಧೂರ ಲಕ್ಷ್ಮಣನನ್ನು ಜನ ವೀರನೆಂದೇ ನೆನೆಯುತ್ತಾರೆ. ನಿಮ್ಮ ನಾಯಕನನ್ನು ನೀವಾಗಿ ಇವರ ಸಾಲಿಗೆ ಸೇರಿಸಬೇಡಿ. ಅವನೇ ಭಾಷಣದಲ್ಲಿ ರಾಯಣ್ಣನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಲಿ, ಕೆಳಗೆ ಕುಳಿತ ಮುದುಕಿ ಮಾತ್ರ ಚಪ್ಪಾಳೆ ತಟ್ಟದಿರಲಿ.

ಮುಕ್ತಾಯದಲ್ಲಿ ಪೊಲೀಸರ ಗುಂಡಿಗೆ ಅವನನ್ನು ಬಲಿಕೊಡುವ ಆಸೆಯನ್ನು ತಡೆಯಬೇಕು, ಏಕೆಂದರೆ ಹುತಾತ್ಮನ ಲೆಕ್ಕಪತ್ರವನ್ನು ಯಾರೂ ಕೇಳುವುದಿಲ್ಲ. ಅದಕ್ಕಿಂತ ಸರ್ಕಾರವೇ ಒಳ್ಳೆಯ ದರಕ್ಕೆ ರಾಜಿಯಾಗಲು ಮುಂದೆ ಬರಲಿ. ಜಗಳ ಮುಗಿದರೆ ಊರಿಗೆ ಹಣ ಬರುತ್ತದೆ, ಅವನ ಮುಂದಾಳುತನ ಹೋಗುತ್ತದೆ. ಅವನು ಸಹಿ ಹಾಕುತ್ತಾನೋ, ತಾರೀಖು ಮುಂದೂಡಿಸುತ್ತಾನೋ ಎಂಬುದನ್ನು ಬರವಣಿಗೆಗೆ ಕೂರುವ ಮೊದಲೇ ನಿರ್ಧರಿಸಿಕೊಂಡರೆ, ಹಿಂದಿನ ಅಧ್ಯಾಯಗಳಲ್ಲಿ ಎಲ್ಲಿ ಏನನ್ನು ಮರೆಮಾಡಬೇಕೆಂಬುದೂ ತಿಳಿಯುತ್ತದೆ.