ಟೆಂಟಿನಿಂದ ಪೋರ್ಕೆರೋಲ್ ದ್ವೀಪಕ್ಕೆ ಒಂದು ದಿನ

ಬೆಂಗಳೂರಿಂದ ದಕ್ಷಿಣ ಫ್ರಾನ್ಸಿಗೆ ಹೋಗಿ ಸಮುದ್ರ ತೀರದ ಜಿಯಾಂ ಪರ್ಯಾಯ ದ್ವೀಪದ ಕಡೆ ಟೆಂಟ್ ಹಾಕ್ತೀರಾ? ಪೋರ್ಕೆರೋಲ್ ದ್ವೀಪ ಮಾತ್ರ ಬಿಡಬೇಡಿ. ಜಿಯಾಂನ ಲಾ ತೂರ್ ಫೋಂದ್ಯು ಬಂದರಿನಿಂದ ದೋಣಿಯಲ್ಲಿ ಸುಮಾರು 20 ನಿಮಿಷ. ಬೇಸಿಗೆಯಲ್ಲಿ ಜನರ ಸಂಖ್ಯೆಗೆ ಮಿತಿಯಿದೆ, ಟಿಕೆಟ್ ಮೊದಲೇ ತಗೊಳ್ಳಿ.

ಪ್ರವಾಸಿಗರು ಅಲ್ಲಿಗೆ ಕಾರು ಒಯ್ಯುವಂತಿಲ್ಲ. ಸಿಲ್ಕ್ ಬೋರ್ಡ್ ಹಾರನ್ ಕೇಳಿದ ಕಿವಿಗೆ ಅದೇ ದೊಡ್ಡ ಸುಖ, ಅಲ್ವಾ? ದ್ವೀಪದ ಊರಲ್ಲೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ನೋತ್ರ್ ದಾಮ್ ಬೀಚಿಗೆ ಸುಮಾರು 3 ಕಿ.ಮೀ. ಮಣ್ಣಿನ ದಾರಿ. ಬಿಸಿಲಿಗೆ ಪೈನ್ ಮರದ ಅಂಟಿನ ವಾಸನೆ ಗಮ್ಮೆನ್ನುತ್ತದೆ. ಎದೆಮಟ್ಟದ ನೀರಲ್ಲಿ ನಿಂತರೂ ಕಾಲ್ಬೆರಳು ಕಾಣುತ್ತವೆ.

ಬೀಚಲ್ಲಿ ಅಂಗಡಿ ನೆಚ್ಚಬೇಡಿ. ನಾನು ಟೆಂಟಲ್ಲೇ ಅನ್ನ ಮಾಡಿ, ಊರಿಂದ ತಂದ ಪುಳಿಯೋಗರೆ ಗೊಜ್ಜು ಕಲಸಿ ಡಬ್ಬಿಗೆ ಹಾಕಿಕೊಂಡಿದ್ದೆ. ಕುಡಿಯೋ ನೀರು ಜಾಸ್ತಿಯೇ ಇರಲಿ. ಬೆಂಕಿಯ ಭಯವಿದ್ದ ದಿನ ಕಾಡಿನ ದಾರಿಗಳನ್ನು ಮುಚ್ಚುತ್ತಾರೆ, ಹಿಂದಿನ ಸಂಜೆಯೇ ವಿಚಾರಿಸಿ. ಇಳಿದ ತಕ್ಷಣ ಕೊನೆಯ ದೋಣಿಯ ಸಮಯ ಬರೆದಿಟ್ಟುಕೊಳ್ಳಿ.