ಬ್ಯಾಗಿನ ಹಿಡಿಗೆ ಹಳೆಯ ಸೀರೆಯ ಅಂಚು
ಹ್ಯಾಂಡ್‌ಬ್ಯಾಗಿಗೆ ನಟಿಯರ ಬ್ಯಾಗಿನ ಕಳೆ ಬೇಕಾದರೆ ಹಿಡಿಗೆ ಹಳೆಯ ಕಾಸರಗೋಡು ಹತ್ತಿ ಸೀರೆಯ ಅಂಚು ಸುತ್ತಿ. ಎರಡು ಬೆರಳು ಅಗಲ ಕತ್ತರಿಸಿ, ಬದಿ ಮಡಚಿ ಹೊಲಿಯಿರಿ. ಬುಡದಲ್ಲಿ ಗಂಟು ಹಾಕಿ, ಓರೆಯಾಗಿ ಬಿಗಿದು ಸುತ್ತಿ, ತುದಿ ಸ್ವಲ್ಪ ಇಳಿಬಿಡಿ. ಚರ್ಮದ ಹಿಡಿ ಕಪ್ಪಾಗುವುದು ಕೈಬೆವರಿನಿಂದ ಅಲ್ವಾ? ಹತ್ತಿ ಅದನ್ನು ಹೀರುತ್ತದೆ, ಬಿಚ್ಚಿ ತೊಳೆಯಲೂಬಹುದು. ರೇಷ್ಮೆ ಜಾರುತ್ತದೆ. 1984ರಲ್ಲಿ ಫ್ರಾನ್ಸಿನ ದುಬಾರಿ ಬ್ಯಾಗುಗಳ ಎರ್ಮೆಸ್ ಕಂಪೆನಿ ಯಾರ ಹೆಸರಲ್ಲಿ ಬರ್ಕಿನ್ ಬ್ಯಾಗ್ ತಂದಿತೋ ಆ ನಟಿ ಜೇನ್ ಬರ್ಕಿನ್ ಕೂಡ ತಮ್ಮ ಬ್ಯಾಗಿಗೆ ಮಣಿ ಕಟ್ಟಿ, ಸ್ಟಿಕ್ಕರ್ ಅಂಟಿಸಿಕೊಂಡೇ ಓಡಾಡುತ್ತಿದ್ದರು. ಸುಮ್ನೆ ಜಾಸ್ತಿ ದುಡ್ಡು ಕೊಟ್ಟು ಹೆಸರು ಅಚ್ಚು ಹಾಕಿಸುವುದಕ್ಕಿಂತ ನನಗೆ ಇದೇ ಚೆಂದ. ಚೈನ್ ಹಿಡಿಗೆ ಬಟ್ಟೆ ನಿಲ್ಲುವುದಿಲ್ಲ. ಬಣ್ಣ ಬಿಡುವ ಅಂಚು ತಿಳಿ ಬಣ್ಣದ ಬ್ಯಾಗಿಗೆ ಬೇಡ. ನಮ್ಮ ಮಳೆಗೆ ಒದ್ದೆಯಾದರೆ ಅಂದೇ ಬಿಚ್ಚಿ ಒಣಗಿಸಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ.