ಗ್ರಾನೈಟ್ ಕಟ್ಟೆ ಕೆಳಗಿನ ಡಿಶ್‌ವಾಷರ್‌ಗೆ ಕಲ್ಲು ಕೊರೆಸಬೇಡಿ
ಕಟ್ಟೆ ಕೆಳಗೆ ಡಿಶ್‌ವಾಷರ್ ಕೂರಿಸುತ್ತಿರುವವರು ಗ್ರಾನೈಟಿಗೆ ತೂತು ಹೊಡೆಸಲೇಬೇಡಿ. ಎರಡೂ ಪಕ್ಕ ಪ್ಲೈವುಡ್ ಕ್ಯಾಬಿನೆಟ್ ಇದ್ದರೆ ಮಷಿನ್ ಮುಂದಕ್ಕೆ ವಾಲದಂತೆ ಹಿಡಿಯೋ ಕ್ಲಿಪ್ಪನ್ನು ಆ ಪಕ್ಕಕ್ಕೇ ಸ್ಕ್ರೂ ಮಾಡಿಸಿ, ಕೆಲಸ ಮುಗೀತು. ಆದರೆ ನಮ್ಮ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಹಳೇ ಮನೆಗಳಲ್ಲಿ ಕಟ್ಟೆ ನಿಂತಿರೋದು ಕಡಪ ಕಲ್ಲಿನ ಮೇಲೆ. ಅದರ ಅಂಚಿಗೆ ಡ್ರಿಲ್ ಇಟ್ಟರೆ ಪದರ ಪದರವಾಗಿ ಏಳುತ್ತೆ. ಅಲ್ಲಿ ಗ್ರಾನೈಟಿನ ತಳಕ್ಕೆ, ಮುಂದಿನ ಅಂಚಿನಿಂದ ಸ್ವಲ್ಪ ಒಳಗೆ, ಒಂದು ಮರೈನ್ ಪ್ಲೈ (ನೀರು ತಡೆಯೋ ಪ್ಲೈವುಡ್) ಪಟ್ಟಿಯನ್ನು ಎರಡು ಟ್ಯೂಬು ಬೆರೆಸಿ ಹಚ್ಚೋ ಎಪಾಕ್ಸಿ ಗಮ್ಮಿನಿಂದ ಅಂಟಿಸಿ, 24 ಗಂಟೆ ಕೆಳಗಿಂದ ಒತ್ತು ಕೊಟ್ಟು ಬಿಡಿ. ಆಮೇಲೆ ಕ್ಲಿಪ್ಪನ್ನು ಆ ಪಟ್ಟಿಗೆ ಸ್ಕ್ರೂ ಮಾಡಿ. ಸ್ಕ್ರೂ ಪಟ್ಟಿಯ ದಪ್ಪಕ್ಕಿಂತ ಗಿಡ್ಡ ಇರಲಿ, ಇಲ್ಲದಿದ್ದರೆ ಕಲ್ಲಿಗೆ ತಾಗಿ ಪಟ್ಟಿಯನ್ನೇ ಎಬ್ಬಿಸುತ್ತೆ. ಬಾಗಿಲು ತೆರೆದು, ಕುಕ್ಕರ್ ತುಂಬಿದ ಟ್ರೇ ಎಳೆದಾಗ ಮಷಿನ್ ಮುಂದಕ್ಕೆ ವಾಲುತ್ತೆ. ಆಗ ಪಟ್ಟಿಯ ಮೇಲೆ ಬೀಳೋದು ಹೆಚ್ಚಾಗಿ ಮುಂದಕ್ಕೆ ಜಾರಿಸೋ ಬಲ, ಕೆಳಕ್ಕೆ ಕೀಳೋದಲ್ಲ. ಎಪಾಕ್ಸಿ ಅದನ್ನು ಚೆನ್ನಾಗಿ ತಡೆಯುತ್ತೆ. ಕೈಕೊಡೋದು ಎಲ್ಲಿ ಅಂದ್ರೆ, ಕಲ್ಲಿನ ತಳದಲ್ಲಿ ಜಿಡ್ಡು, ಸಿಮೆಂಟ್ ಧೂಳು ಉಳಿದಿದ್ದರೆ. ಸ್ಯಾಂಡ್ ಪೇಪರಿನಿಂದ ಉಜ್ಜಿ, ತಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೇ ಅಂಟಿಸಿ. ಬರೀ ಸಿಲಿಕೋನ್ ಸಾಕು ಅನ್ನೋ ಮೇಸ್ತ್ರಿ ಮಾತು ಕೇಳಬೇಡಿ, ಅದು ರಬ್ಬರಿನ ಹಾಗೆ ಹಿಗ್ಗುತ್ತೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಪಟ್ಟಿ ಕೂಡ ಬೇಡ, ಆವಿಗೆ ಊದಿಕೊಳ್ಳುತ್ತೆ. ಮಷಿನ್ನಿಗೂ ಕಲ್ಲಿಗೂ ನಡುವೆ ಪಟ್ಟಿ ಹಿಡಿಸುವಷ್ಟು ಸಂದಿಲ್ಲದಿದ್ದರೆ ಮೊದಲು ಮಷಿನ್ನಿನ ಕಾಲು ತಿರುಗಿಸಿ ತಗ್ಗಿಸಿ ನೋಡಿ. ಆಗಲೂ ಆಗದಿದ್ದರೆ ಈ ಉಪಾಯ ನಡೆಯಲ್ಲ. ಮಟ್ಟಗೋಲು ಇಟ್ಟು ಕಾಲು ಸರಿಮಾಡೋದು ಮಾತ್ರ ಕ್ಲಿಪ್ಪಿಗಿಂತ ಮುಂಚೆ.